ವೀಸಾ ಅರ್ಜಿಗೆ ಮೊದಲು ಮನೆಯ ಕಾಗದಪತ್ರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಿಂದ ಓದಿಗೋ ದುಡಿಮೆಗೋ ಹೊರದೇಶಕ್ಕೆ ಹೊರಡಬೇಕೆಂದಿರುವವರಿಗೆ ಮತ್ತು ಅವರ ಮನೆಯ ಹಿರಿಯರಿಗೆ ಬಹಿರಂಗ ಪತ್ರ



ಇಂಥ ಕೆಲಸಕ್ಕೆ, ಇಷ್ಟು ದಿನದ ಮಟ್ಟಿಗೆ ಬರಬಹುದು ಎಂದು ಒಂದು ದೇಶ ಹೊರಗಿನವರಿಗೆ ಕೊಡುವ ಅನುಮತಿಯೇ ವೀಸಾ. ಅದನ್ನು ಕೊಡುವ ಅಧಿಕಾರಿಗೆ ಅರ್ಜಿದಾರರ ಊರು ಗೊತ್ತಿಲ್ಲ, ಮನೆತನ ಗೊತ್ತಿಲ್ಲ. ಅವರ ಮುಂದಿರುವುದು ಕಾಗದಗಳು ಮಾತ್ರ. ಅಮೆರಿಕದಂಥ ಕಡೆ ಅದರ ಜೊತೆಗೆ ಎರಡು ಮೂರು ನಿಮಿಷದ ಮಾತು. ಅಷ್ಟರಿಂದಲೇ ಅವರು ಮೂರು ಸಂಗತಿ ತಿಳಿಯಬೇಕು: ಅರ್ಜಿ ಹಾಕಿದವರು ಯಾರು, ಹೋಗುವ ಕಾರಣ ನಿಜವೇ, ಖರ್ಚಿನ ಹಣ ಎಲ್ಲಿಂದ ಬಂತು. ಈ ಮೂರಕ್ಕೂ ತಕ್ಕ ಉತ್ತರ ತಮ್ಮ ಬಳಿ ಇದೆಯೇ ಎಂದು ಅರ್ಜಿದಾರರು ಮನೆಯಲ್ಲೇ ಕೂತು ನೋಡಿಕೊಳ್ಳಬಹುದು. ನೋಡಿಕೊಳ್ಳಬೇಕಾದದ್ದು ಕನ್ಸಲ್ಟೆನ್ಸಿಗೆ ಮುಂಗಡ ಕಟ್ಟುವ ಮೊದಲು. ಈ ಐದು ತಾಲ್ಲೂಕುಗಳಲ್ಲಿ ಆ ಕೆಲಸಕ್ಕೆ ಕಡಿಮೆಯೆಂದರೂ ಒಂದು ವರ್ಷದ ಅವಕಾಶ ಇಟ್ಟುಕೊಳ್ಳುವುದು ಒಳ್ಳೆಯದು. ಕಾರಣ ಮುಂದೆ ಬರುತ್ತದೆ.

ಮೊದಲನೆಯದು ಹೆಸರು. ಕೊಟ್ರೇಶ ಎಂಬ ಹೆಸರನ್ನೇ ತೆಗೆದುಕೊಳ್ಳಬಹುದು. ಈ ಸೀಮೆಯಲ್ಲಿ ಆ ಹೆಸರಿಲ್ಲದ ಓಣಿ ಸಿಗುವುದು ಕಷ್ಟ. ಇಂಗ್ಲಿಷ್‌ನಲ್ಲಿ ಬರೆಯುವಾಗ ಒಬ್ಬರು ಒಂದು ‘ಟಿ’ ಹಾಕುತ್ತಾರೆ, ಇನ್ನೊಬ್ಬರು ಎರಡು. ಕೊನೆಗೆ ‘ಎ’ ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಊರು ಮತ್ತು ತಂದೆಯ ಇನಿಷಿಯಲ್, ಆಧಾರ್‌ನಲ್ಲಿ ಬರೀ ಹೆಸರು, ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ ತಂದೆಯ ಹೆಸರು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಕೊಟ್ರಪ್ಪ. ಊರಿನಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿಲ್ಲ. ವೀಸಾ ಕಚೇರಿಯ ಕಂಪ್ಯೂಟರಿಗೆ ಮಾತ್ರ ಇವರು ನಾಲ್ಕು ಜನ. ತಂದೆತಾಯಿಯ ಹೆಸರಿಗೂ ಇದೇ ಮಾತು ಅನ್ವಯಿಸುತ್ತದೆ. ಮಗಳ ಜನನ ಪ್ರಮಾಣಪತ್ರದಲ್ಲಿರುವ ತಾಯಿಯ ಹೆಸರು ತಾಯಿಯ ಖಾತೆಯಲ್ಲಿರುವ ಹೆಸರಿಗೆ ಹೊಂದದಿದ್ದರೆ, ಆ ಖಾತೆಯ ಹಣ ಮಗಳ ಓದಿಗೆ ಎಂದು ಸಾಬೀತು ಮಾಡುವುದು ಕಷ್ಟವಾಗುತ್ತದೆ.

ಎಲ್ಲ ಕಾಗದಗಳನ್ನೂ ಒಂದು ಮೇಜಿನ ಮೇಲೆ ಹರವಿ, ಹೆಸರು, ತಂದೆ, ತಾಯಿ, ಹುಟ್ಟಿದ ದಿನ, ಹುಟ್ಟಿದ ಊರು ಈ ಐದನ್ನು ಒಂದು ಹಾಳೆಯಲ್ಲಿ ಸಾಲುಸಾಲಾಗಿ ಬರೆದುಕೊಳ್ಳುವುದು ಸಿದ್ಧತೆಯ ಮೊದಲ ಕೆಲಸ. ಎಲ್ಲಿ ಒಂದು ಅಕ್ಷರ ಬೇರೆಯಿದೆಯೋ ಅದು ಆ ಹಾಳೆಯಲ್ಲಿ ತಾನಾಗಿ ಕಾಣುತ್ತದೆ. ತಿದ್ದಲು ಕಷ್ಟವಾದ ದಾಖಲೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಆದ್ದರಿಂದ ಅದನ್ನೇ ಮೂಲವಾಗಿಟ್ಟುಕೊಂಡು ಆಧಾರ್, ಪ್ಯಾನ್, ಬ್ಯಾಂಕ್ ಖಾತೆಗಳನ್ನು ಅದಕ್ಕೆ ಹೊಂದಿಸುವುದು ಸಲೀಸು. ನೋಟರಿ ಮುಂದೆ ಮಾಡಿಸಿದ ‘ಇಬ್ಬರೂ ಒಬ್ಬರೇ’ ಎಂಬ ಅಫಿಡವಿಟ್ಟನ್ನು ನಂಬಿ ಕೂರಬಾರದು. ಅದು ಕೆಲವು ಕಡೆ ನಡೆಯುತ್ತದೆ, ಕೆಲವು ಕಡೆ ನಡೆಯುವುದಿಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಸ್ವಂತ ಹೆಸರು (ಗಿವನ್ ನೇಮ್) ಮತ್ತು ಮನೆತನದ ಹೆಸರು (ಸರ್‌ನೇಮ್) ಎಂದು ಎರಡು ಕಾಲಂ ಇರುತ್ತವೆ. ಅಡ್ಡಹೆಸರು ಬಳಸದ ಮನೆಗಳವರು ಎರಡನೆಯದನ್ನು ಖಾಲಿ ಬಿಡುವುದುಂಟು. 2022ರ ನವೆಂಬರ್‌ನಿಂದ ಯುಎಇ ದೇಶ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶ ಕೊಡುತ್ತಿಲ್ಲ. ಕೊಲ್ಲಿಯ ಕಡೆ ಹೊರಟವರು ಈ ಕಾಲಂ ವಿಷಯವನ್ನು ಪಾಸ್‌ಪೋರ್ಟ್ ಮಾಡಿಸುವ ಹಂತದಲ್ಲೇ ತೀರ್ಮಾನಿಸಬೇಕು.

ಹುಟ್ಟಿದ ದಿನದ ಕಥೆಯೂ ಬೇರೆಯಲ್ಲ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಬರೆದುಕೊಂಡ ಜೂನ್ 1 ಎಷ್ಟೋ ಜನರಿಗೆ ಕಾಯಂ ಜನ್ಮದಿನವಾಗಿದೆ. ಗುಳೆ ಹೋದ ಕಾಲದಲ್ಲಿ ಕಾಫಿ ತೋಟದಲ್ಲೋ ಬೆಂಗಳೂರಿನ ಕಟ್ಟಡದ ಬಳಿಯ ಶೆಡ್ಡಿನಲ್ಲೋ ಹುಟ್ಟಿದ ಮಕ್ಕಳ ಜನನ ಎಲ್ಲೂ ನೋಂದಣಿ ಆಗಿರುವುದಿಲ್ಲ. 2023ರ ಅಕ್ಟೋಬರ್ 1 ಮತ್ತು ಅದರ ನಂತರ ಹುಟ್ಟಿದವರಿಗೆ ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರವೊಂದೇ ಹುಟ್ಟಿದ ದಿನದ ಪುರಾವೆ. ಅದಕ್ಕೂ ಮೊದಲು ಹುಟ್ಟಿದವರಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಶಾಲೆಯ ಟಿಸಿ, ಪ್ಯಾನ್ ಮುಂತಾದವು ನಡೆಯುತ್ತವೆ. ಪಾಸ್‌ಪೋರ್ಟಿಗೆ ನಡೆದದ್ದು ವೀಸಾಕ್ಕೂ ಸಾಕು ಎಂದು ಮಾತ್ರ ತಿಳಿಯಬಾರದು. ತಂದೆತಾಯಿಯ ಖಾತೆಯ ಹಣ ತೋರಿಸುವಾಗ, ಗಂಡನ ಜೊತೆ ಹೆಂಡತಿ, ಅವರ ಜೊತೆ ಮಕ್ಕಳು ಹೊರಡುವಾಗ ಸಂಬಂಧಕ್ಕೆ ಪುರಾವೆಯಾಗಿ ಜನನ ಪ್ರಮಾಣಪತ್ರವನ್ನೂ ಮದುವೆಯ ನೋಂದಣಿಯನ್ನೂ ಕೇಳುತ್ತಾರೆ. ಒಂದು ವರ್ಷ ದಾಟಿದ ಜನನವನ್ನು ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಒಂದು ವರ್ಷದ ಅವಕಾಶ ಬೇಕೆಂದದ್ದಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ಜಿಲ್ಲೆ. ಈ ಐದು ತಾಲ್ಲೂಕುಗಳವರ ದಾಖಲೆಗಳಲ್ಲಿ ಜಿಲ್ಲೆಯ ಹೆಸರು ಒಂದೇ ಆಗಿ ಉಳಿದಿಲ್ಲ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳು ಬಳ್ಳಾರಿಯಿಂದ ನೇರವಾಗಿ ವಿಜಯನಗರಕ್ಕೆ ಬಂದವು. ಕೊಟ್ಟೂರು ಹಿಂದೆ ಕೂಡ್ಲಿಗಿ ತಾಲ್ಲೂಕಿನ ಹೋಬಳಿ; ಅಲ್ಲಿನವರಿಗೆ ಜಿಲ್ಲೆಯ ಜೊತೆ ತಾಲ್ಲೂಕೂ ಬದಲಾಗಿದೆ. ಇದರ ಮೇಲೆ 2014ರ ನವೆಂಬರ್ 1ರಿಂದ ಬಳ್ಳಾರಿ, ಹೊಸಪೇಟೆಗಳ ಇಂಗ್ಲಿಷ್ ಕಾಗುಣಿತವೇ ಬೇರೆಯಾಯಿತು. 1999ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದವರ ಜನನ ಪ್ರಮಾಣಪತ್ರ ದಾವಣಗೆರೆ ಎನ್ನುತ್ತದೆ, 2019ರಲ್ಲಿ ಪಡೆದ ಆದಾಯ ಪತ್ರ ಬಳ್ಳಾರಿ ಎನ್ನುತ್ತದೆ, ಈಗಿನ ಆಧಾರ್ ವಿಜಯನಗರ ಎನ್ನುತ್ತದೆ. ಮೂರೂ ಸರಿ. ಆದರೆ ಪಶ್ಚಿಮದ ಯಾವುದೋ ಊರಿನಲ್ಲಿ ಕೂತು ಕಡತ ನೋಡುವವರಿಗೆ ಇದು ಮೂರು ಊರಿನ ಮನುಷ್ಯನ ಹಾಗೆ ಕಾಣುತ್ತದೆ.

ಇದಕ್ಕೆ ಪರಿಹಾರ ಹಳೆಯ ದಾಖಲೆ ತಿದ್ದುವುದಲ್ಲ. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಸ್ಥಳ ಹೇಗೆ ಅಚ್ಚಾಗಿದೆಯೋ ವೀಸಾ ಅರ್ಜಿಯಲ್ಲೂ ಅಕ್ಷರಶಃ ಹಾಗೇ ಬರೆದು, ಜಿಲ್ಲೆ ಬದಲಾದದ್ದನ್ನು ಐದಾರು ಸಾಲಿನಲ್ಲಿ ತಿಳಿಸುವ ಪತ್ರವನ್ನೂ ಜಿಲ್ಲೆ ರಚನೆಯ ರಾಜ್ಯಪತ್ರದ ಪ್ರತಿಯನ್ನೂ ಕಡತಕ್ಕೆ ಸೇರಿಸಿದರೆ ಆಯಿತು. ತಾಂಡಾ, ಹಟ್ಟಿಗಳವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಹಲವು ತಾಂಡಾಗಳು ಈಚೆಗೆ ಕಂದಾಯ ಗ್ರಾಮಗಳಾಗಿವೆ. 2025ರ ಮೇ 20ರಂದು ಹೊಸಪೇಟೆಯ ಸಮಾವೇಶದಲ್ಲಿ ರಾಜ್ಯದ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು. ಹಕ್ಕುಪತ್ರದಲ್ಲಿ ಹೊಸ ಗ್ರಾಮದ ಹೆಸರು, ಆಧಾರ್‌ನಲ್ಲಿ ಹಳೆಯ ಮೂಲ ಊರಿನ ಹೆಸರು ಇದ್ದರೆ ವಿಳಾಸವನ್ನು ಮೊದಲು ಒಂದು ಮಾಡಿಕೊಳ್ಳಬೇಕು.

ಪಾಸ್‌ಪೋರ್ಟಿನ ವಿಷಯ ಬೇಗ ಮುಗಿಯುತ್ತದೆ. ಇಡೀ ರಾಜ್ಯಕ್ಕೆ ಪ್ರಾದೇಶಿಕ ಕಚೇರಿ ಬೆಂಗಳೂರಿನದು. ಈ ಭಾಗದವರಿಗೆ ಬಳ್ಳಾರಿ, ದಾವಣಗೆರೆಗಳ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರಗಳೂ ಹುಬ್ಬಳ್ಳಿಯ ಸೇವಾ ಕೇಂದ್ರವೂ ಹತ್ತಿರ. 36 ಪುಟದ ಪುಸ್ತಕಕ್ಕೆ ಶುಲ್ಕ ₹1,500. ವಯಸ್ಕರಿಗೆ ಹತ್ತು ವರ್ಷ ನಡೆಯುತ್ತದೆ. ವಿಳಂಬವಾಗುವುದು ಪೊಲೀಸ್ ಪರಿಶೀಲನೆಯಲ್ಲಿ. ಅರ್ಜಿಯಲ್ಲಿ ಊರಿನ ಮನೆ, ಅರ್ಜಿದಾರರು ಬೆಂಗಳೂರಿನ ಪಿಜಿಯಲ್ಲಿ, ಮನೆಯವರು ಸುಗ್ಗಿಗೋ ಗುಳೆಗೋ ಹೊರಗೆ: ಠಾಣೆಯಿಂದ ಬಂದವರಿಗೆ ಬಾಗಿಲಲ್ಲಿ ಬೀಗ ಕಂಡರೆ ವರದಿ ಪ್ರತಿಕೂಲವಾಗಬಹುದು. ನಿಜವಾಗಿ ವಾಸವಿರುವ ವಿಳಾಸವನ್ನೇ ಕೊಡುವುದು ಕ್ಷೇಮ. ಪಾಸ್‌ಪೋರ್ಟ್ ಇರುವವರು ಅವಧಿ ನೋಡಿಕೊಳ್ಳಬೇಕು. ಆರು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ಹಲವು ದೇಶಗಳು ಒಪ್ಪುವುದಿಲ್ಲ. ಯುರೋಪಿನ ಷೆಂಗೆನ್ ದೇಶಗಳು ಮರಳುವ ದಿನದ ನಂತರ ಮೂರು ತಿಂಗಳ ಅವಧಿಯನ್ನೂ ಎರಡು ಖಾಲಿ ಪುಟಗಳನ್ನೂ ಕೇಳುತ್ತವೆ.

ಹಣದ ಭಾಗಕ್ಕೆ ಬಂದರೆ, ಹೆಚ್ಚು ಅರ್ಜಿಗಳು ಎಡವುವುದು ಇಲ್ಲಿ. ವಿದ್ಯಾರ್ಥಿಗಳಿಗೆ ಒಂದೊಂದು ದೇಶ ಒಂದೊಂದು ಮೊತ್ತ ಗೊತ್ತು ಮಾಡಿದೆ. ಜರ್ಮನಿ ವರ್ಷಕ್ಕೆ 11,904 ಯೂರೋವನ್ನು ನಿರ್ಬಂಧಿತ ಖಾತೆಯಲ್ಲಿ ಇಡಿಸುತ್ತದೆ. ಆಸ್ಟ್ರೇಲಿಯಾ 2024ರ ಮೇ ತಿಂಗಳಿಂದ ವರ್ಷದ ಜೀವನ ವೆಚ್ಚಕ್ಕೆ 29,710 ಆಸ್ಟ್ರೇಲಿಯನ್ ಡಾಲರ್ ಕೇಳುತ್ತಿದೆ. ಕೆನಡಾ 2025ರ ಸೆಪ್ಟೆಂಬರ್‌ನಿಂದ 22,895 ಕೆನಡಿಯನ್ ಡಾಲರ್ ಎಂದಿದೆ, ಅದೂ ಶುಲ್ಕ ಮತ್ತು ಪ್ರಯಾಣ ಬಿಟ್ಟು. ಬ್ರಿಟನ್ನಿಗೆ ಮೊತ್ತದಷ್ಟೇ ಅವಧಿಯೂ ಮುಖ್ಯ: ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು, ನಡುವೆ ಒಂದು ದಿನ ಕಡಿಮೆಯಾದರೂ ಲೆಕ್ಕಕ್ಕಿಲ್ಲ. ಈ ಮೊತ್ತಗಳು ಪದೇಪದೇ ಏರುವುದರಿಂದ ಅರ್ಜಿ ಹಾಕುವ ವಾರ ಆಯಾ ಸರ್ಕಾರದ ಜಾಲತಾಣದಲ್ಲೇ ನೋಡಬೇಕು.

ನೌಕರಿಯ ಮನೆಗೆ ಇದು ಸುಲಭ. ಸಂಬಳದ ಚೀಟಿ, ಫಾರಂ 16, ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ಸ್ ಇಟ್ಟರೆ ಸಾಕು. ಈ ಐದು ತಾಲ್ಲೂಕುಗಳ ಹೆಚ್ಚಿನ ಮನೆಗಳು ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ದಾಳಿಂಬೆ, ಮಲ್ಲಿಗೆ ನಂಬಿದವು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದ್ದರಿಂದ ರಿಟರ್ನ್ಸ್ ಇಲ್ಲ, ಆದ್ದರಿಂದ ಪರದೇಶದ ಕಚೇರಿಯ ಕಣ್ಣಿಗೆ ಆದಾಯವೇ ಇಲ್ಲ. ಹತ್ತು ಎಕರೆ ನೀರಾವರಿ ಇರುವ ಮನೆಯ ಅರ್ಜಿ ತಿರಸ್ಕೃತವಾಗಿ, ಸಣ್ಣ ಸಂಬಳದ ಗುಮಾಸ್ತರ ಮನೆಯ ಅರ್ಜಿ ಮಂಜೂರಾದರೆ ಆಶ್ಚರ್ಯಪಡಬೇಕಿಲ್ಲ. ಕಾಗದ ಇರುವುದು ಎರಡನೆಯವರ ಬಳಿ.

ಬೇಸಾಯದ ಮನೆ ಕಾಗದ ಹುಟ್ಟಿಸಬಹುದು, ಆದರೆ ಅದಕ್ಕೆ ಒಂದು ಸುಗ್ಗಿಯಾದರೂ ಮುಂಚೆ ಎಚ್ಚರವಾಗಬೇಕು. ಅಡತಿ ಅಂಗಡಿಯಲ್ಲಿ ಮಾಲು ಬಿಟ್ಟಾಗ ನಗದು ಎಣಿಸಿಕೊಳ್ಳುವ ಬದಲು ಖಾತೆಗೆ ಹಾಕಿಸಿಕೊಳ್ಳಬೇಕು. ತೂಕ, ದರ, ದಿನಾಂಕ ಇರುವ ಬಿಲ್ಲು ಕೇಳಿ ಪಡೆಯಬೇಕು. ಮುಂಗಾರಿನ ಮೆಕ್ಕೆಜೋಳದ ಹಣ ಅಕ್ಟೋಬರ್‌ನಿಂದ ಜನವರಿಯೊಳಗೆ ಬರುತ್ತದೆ, ಸೆಪ್ಟೆಂಬರ್ ತರಗತಿಗೆ ವೀಸಾ ಅರ್ಜಿ ಬೀಳುವುದು ಮೇ, ಜೂನ್, ಜುಲೈನಲ್ಲಿ. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದರೆ ಸುಗ್ಗಿಯ ಹಣದ ಒಂದಿಷ್ಟು ಭಾಗ ಅದರಲ್ಲಿ ಕಂಡೀತು, ಇಡೀ ವರ್ಷದ್ದನ್ನು ಕೊಟ್ಟರೆ ಪೂರ್ತಿ ಕಾಣುತ್ತದೆ. ಆದ್ದರಿಂದ ರೈತರ ಮನೆಯವರು ಕೇಳದಿದ್ದರೂ ವರ್ಷದ ಸ್ಟೇಟ್‌ಮೆಂಟನ್ನೇ ಲಗತ್ತಿಸುವುದು ಮೇಲು. ಹಡಗಲಿಯ ಮಲ್ಲಿಗೆ ಬೆಳೆಗಾರರಿಗೆ ಹಣ ಸಣ್ಣ ಸಣ್ಣ ಮೊತ್ತವಾಗಿ ಕೈಗೆ ಬರುತ್ತದೆ. ವಾರಕ್ಕೊಮ್ಮೆ ಖಾತೆಗೆ ತುಂಬುವ ರೂಢಿ ಒಂದು ವರ್ಷ ನಡೆದರೆ ಆ ಸಾಲುಗಳೇ ಆದಾಯದ ಸಾಕ್ಷಿ.

ಪಹಣಿಯ ಕಡೆಯೂ ನೋಡಬೇಕು. ತೀರಿಹೋದ ತಾತನ ಹೆಸರಿನಲ್ಲೇ ಇರುವ ಪಹಣಿ ಮನೆ ಮನೆಯಲ್ಲಿದೆ. ಅಂಥ ಜಮೀನು ಉಳುವುದಕ್ಕೆ ಅಡ್ಡಿಯಿಲ್ಲ, ವೀಸಾ ಕಡತದಲ್ಲಿ ಮಾತ್ರ ಅದು ಯಾರದೋ ಜಮೀನು. ವಂಶವೃಕ್ಷ ಮಾಡಿಸಿ ಪೌತಿ ಖಾತೆ ಬದಲಾಯಿಸಿಕೊಳ್ಳುವುದು ಹೇಗೂ ಆಗಬೇಕಾದ ಕೆಲಸ. ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ, ಆದರೆ ಇಲ್ಲೊಂದು ಇಕ್ಕಟ್ಟಿದೆ. ವಿದ್ಯಾರ್ಥಿವೇತನಕ್ಕೆಂದು ಕಡಿಮೆ ಆದಾಯ ಬರೆಸಿದ ಪತ್ರವೂ ವೀಸಾಕ್ಕೆಂದು ಹೆಚ್ಚು ಬರೆಸಿದ ಪತ್ರವೂ ಒಂದೇ ವರ್ಷದ್ದಾದರೆ ಎರಡೂ ಸುಳ್ಳಾಗಿ ಕಾಣುತ್ತವೆ. ನಿಜವಾದ ಆದಾಯವನ್ನೇ ಬರೆಸಬೇಕು.

ಜಮೀನು ಇದ್ದ ಮಾತ್ರಕ್ಕೆ ಶಿಕ್ಷಣ ಸಾಲ ಸಿಗುವುದೂ ಇಲ್ಲ. ಸಾಲ ವಸೂಲಿಯ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸದ ಕಾರಣ ಬ್ಯಾಂಕುಗಳು ಹೊಲದ ಬದಲು ಮನೆ ಅಥವಾ ನಿವೇಶನದ ಭದ್ರತೆ ಕೇಳುತ್ತವೆ. ಹಳ್ಳಿಯ ಮನೆಗಾದರೆ ಪಂಚಾಯಿತಿಯ ಇ-ಸ್ವತ್ತು ಫಾರಂ 9 ಮತ್ತು 11 ಬೇಕು. ಬ್ಯಾಂಕುಗಳ ಹೆಸರು ಬದಲಾದದ್ದನ್ನೂ ಮರೆಯುವಂತಿಲ್ಲ. ಪ್ರಗತಿ ಕೃಷ್ಣ ಗ್ರಾಮೀಣ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಬೇರೆ ಹೆಸರಿನೊಳಗೆ ಸೇರಿಹೋದವು. ಹಳೆಯ ಪಾಸ್‌ಬುಕ್ಕಿನ ಜೆರಾಕ್ಸ್ ಬದಲು ಈಗಿನ ಶಾಖೆಯಿಂದ ಸೀಲು, ಸಹಿ ಇರುವ ಸ್ಟೇಟ್‌ಮೆಂಟ್ ಪಡೆಯಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳು ರಾಜ್ಯದ ಪ್ರಬುದ್ಧ ಯೋಜನೆಯನ್ನೂ ಕೇಂದ್ರದ ಸಾಗರೋತ್ತರ ವಿದ್ಯಾರ್ಥಿವೇತನವನ್ನೂ ಸಾಲಕ್ಕಿಂತ ಮೊದಲು ವಿಚಾರಿಸಬೇಕು. ನಾಯಕ, ಲಂಬಾಣಿ, ಮಾದಿಗ, ಛಲವಾದಿ ಮನೆಗಳ ಮಕ್ಕಳು ಹೆಚ್ಚಾಗಿರುವ ಈ ತಾಲ್ಲೂಕುಗಳಿಗೆ ಈ ಮಾಹಿತಿ ತಲುಪಲೇಬೇಕಾದದ್ದು.

ಹಣ ಕಡಿಮೆ ಬಿದ್ದಾಗ ಕೆಲವು ದಲ್ಲಾಳಿಗಳು ‘ತೋರಿಸಲು ದುಡ್ಡು’ ಹಾಕಿಸಿಕೊಡುವ ಮಾತಾಡುತ್ತಾರೆ. ತಿಂಗಳ ಬಡ್ಡಿಗೆ ತಂದ ಹದಿನೈದು ಲಕ್ಷ, ಎಂದೂ ಐವತ್ತು ಸಾವಿರ ದಾಟದ ಖಾತೆಯಲ್ಲಿ ಒಂದೇ ದಿನ ಬಂದು ಕೂರುತ್ತದೆ. ಸ್ಟೇಟ್‌ಮೆಂಟ್ ಓದಲು ಕಲಿತ ಯಾರಿಗಾದರೂ ಆ ಸಾಲು ಮೊದಲು ಕಾಣುತ್ತದೆ. ನಕಲಿ ದಾಖಲೆ, ಸುಳ್ಳು ಹೇಳಿಕೆ ಸಿಕ್ಕಿಬಿದ್ದರೆ ಬ್ರಿಟನ್ ಹತ್ತು ವರ್ಷದವರೆಗೆ, ಕೆನಡಾ ಐದು ವರ್ಷ, ಆಸ್ಟ್ರೇಲಿಯಾ ಸಾಮಾನ್ಯವಾಗಿ ಮೂರು ವರ್ಷ ಬಾಗಿಲು ಮುಚ್ಚುತ್ತವೆ. ಅಮೆರಿಕದಲ್ಲಿ ಅದು ಜೀವನಪರ್ಯಂತದ ಅನರ್ಹತೆಯಾಗಬಹುದು. 2023ರಲ್ಲಿ ಕೆನಡಾದಲ್ಲಿ ಭಾರತದ ನೂರಾರು ವಿದ್ಯಾರ್ಥಿಗಳ ಪ್ರವೇಶಪತ್ರಗಳೇ ನಕಲಿ ಎಂಬ ವಿಷಯ ಹೊರಬಿತ್ತು. ಅವನ್ನು ತಯಾರಿಸಿದ್ದು ದಲ್ಲಾಳಿ, ಗಡೀಪಾರಿನ ಭಯ ಅನುಭವಿಸಿದ್ದು ಮಕ್ಕಳು. ಅರ್ಜಿಯನ್ನು ಯಾರೇ ತುಂಬಲಿ, ಸಹಿ ಅರ್ಜಿದಾರರದು. ಪ್ರತಿ ಸಾಲನ್ನೂ ಓದಿ, ಅರ್ಥವಾಗದಿದ್ದರೆ ಓದಿಸಿ ತಿಳಿದುಕೊಂಡ ಮೇಲೆ ಸಲ್ಲಿಸುವುದು ಅವರ ಹಕ್ಕೂ ಹೌದು, ಹೊಣೆಯೂ ಹೌದು.

ಉಳಿದ ಸಂಗತಿ ಹೋಗುವ ಕಾರಣ. ವಿದ್ಯಾರ್ಥಿಗಳಾದರೆ ಹಿಂದಿನ ಓದಿಗೂ ಮುಂದಿನ ಕೋರ್ಸಿಗೂ ಹೊಂದಿಕೆ ಇರಬೇಕು; ಇಲ್ಲದಿದ್ದರೆ ಏಕೆ ಬದಲಾಯಿತೆಂದು ಹೇಳಲು ಬರಬೇಕು. ಪದವಿಯ ದಾಖಲೆಗಳೂ ಈ ಭಾಗದಲ್ಲಿ ಚದುರಿವೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾದದ್ದು 2010ರಲ್ಲಿ. ಅದಕ್ಕೂ ಹಿಂದಿನವರು ಗುಲಬರ್ಗಾ ವಿಶ್ವವಿದ್ಯಾಲಯದ ಕಡೆಗೆ, ಹರಪನಹಳ್ಳಿಯ ಕೆಲವರು ಕುವೆಂಪು ಅಥವಾ ದಾವಣಗೆರೆ ವಿಶ್ವವಿದ್ಯಾಲಯದ ಕಡೆಗೆ, ಎಂಜಿನಿಯರುಗಳು ಬೆಳಗಾವಿಯ ವಿಟಿಯು ಕಡೆಗೆ ಟ್ರಾನ್ಸ್‌ಕ್ರಿಪ್ಟಿಗೆ ಅರ್ಜಿ ಹಾಕಬೇಕು. ಜರ್ಮನಿಗೆ ಹೋಗುವ ಭಾರತೀಯ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ಎಪಿಎಸ್ ಎಂಬ ದಾಖಲೆ ಪರಿಶೀಲನಾ ಪತ್ರ ಕಡ್ಡಾಯ. ಅದು ಬರುವವರೆಗೆ ವೀಸಾ ಅರ್ಜಿಗೆ ಅರ್ಥವಿಲ್ಲ. ಕನ್ನಡದಲ್ಲಿರುವ ಟಿಸಿ, ಪಹಣಿ, ಹಳೆಯ ಜನನ ಪತ್ರಗಳಿಗೆ ಅನುವಾದಕರ ಹೆಸರು, ಸಹಿ, ದಿನಾಂಕ ಇರುವ ಇಂಗ್ಲಿಷ್ ಅನುವಾದ ಮಾಡಿಸಬೇಕು. ಅನುವಾದದಲ್ಲಿ ಹೆಸರಿನ ಕಾಗುಣಿತ ಮತ್ತೆ ತಪ್ಪುವುದು ಸಾಮಾನ್ಯ, ಪಾಸ್‌ಪೋರ್ಟನ್ನು ಅವರ ಮುಂದಿಟ್ಟೇ ಬರೆಸಬೇಕು.

ದುಡಿಮೆಗೆ ಹೋಗುವವರ ಸಿದ್ಧತೆ ಬೇರೆ ರೀತಿಯದು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇಸಿಆರ್ (ವಲಸೆ ಅನುಮತಿ ಅಗತ್ಯ) ವರ್ಗಕ್ಕೆ ಸೇರುತ್ತದೆ. ಅವರು ಸೌದಿ, ಯುಎಇ, ಕತಾರ್, ಕುವೈತ್, ಒಮಾನ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು 1983ರ ವಲಸೆ ಕಾಯ್ದೆಯಂತೆ ಇ-ಮೈಗ್ರೇಟ್ ಜಾಲತಾಣದ ಮೂಲಕ ಅನುಮತಿ ಪಡೆಯಬೇಕು. ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತರೇ ಎಂಬುದು ಅದೇ ಜಾಲತಾಣದಲ್ಲಿ ತಿಳಿಯುತ್ತದೆ. ಅವರು ಕೆಲಸಗಾರರಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ ₹30,000 ಮತ್ತು ಅದರ ಮೇಲಿನ ಜಿಎಸ್‌ಟಿ. ಎರಡು ಲಕ್ಷ ಕೇಳಿದವರ ಮನೆ ಬಾಗಿಲಿಗೆ ಮತ್ತೆ ಹೋಗಬೇಕಿಲ್ಲ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ ₹275 ಕಂತಿಗೆ ₹10 ಲಕ್ಷದ ವಿಮೆ ಸಿಗುತ್ತದೆ. ನರ್ಸಿಂಗ್, ಚಾಲನೆ ಮುಂತಾದ ಕೆಲಸ ಹುಡುಕುವವರು ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರವನ್ನೂ ವಿಚಾರಿಸಬಹುದು.

‘ಮೊದಲು ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಕೆಲಸದ ವೀಸಾ ಮಾಡಿಸೋಣ’ ಎಂಬ ಮಾತಿಗೆ ಒಪ್ಪುವುದೆಂದರೆ ಅರ್ಜಿಯಲ್ಲಿ ಸುಳ್ಳು ಬರೆಯಲು ಒಪ್ಪಿದಂತೆ. ಅಲ್ಲಿ ಕೂಲಿ ಕೊಡದಿದ್ದರೆ ಕೇಳಲು ಕರಾರಿಲ್ಲ, ದೂರು ಕೊಡಲು ಧೈರ್ಯವಿಲ್ಲ. 2024ರ ಆರಂಭದಲ್ಲಿ ಸುದ್ದಿಯಾದ ಕಲಬುರಗಿಯ ಯುವಕರು ಭದ್ರತಾ ಸಹಾಯಕರ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿದ್ದರು. ಅವರನ್ನು ಕಳಿಸಿದ್ದು ಉಕ್ರೇನ್ ಯುದ್ಧಕ್ಕೆ. ಕೆಲಸದ ಹೆಸರು, ಸಂಬಳ, ಮಾಲೀಕರು, ಜಾಗ ಈ ನಾಲ್ಕೂ ಬರವಣಿಗೆಯಲ್ಲಿ ಕೈಗೆ ಬರುವವರೆಗೆ ಪಾಸ್‌ಪೋರ್ಟನ್ನು ಯಾರ ಕೈಗೂ ಒಪ್ಪಿಸಬಾರದು.

ಸಂದರ್ಶನ ಇರುವ ವೀಸಾಗಳಲ್ಲಿ ಅಮೆರಿಕದ್ದು ಮುಖ್ಯ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ದೂತಾವಾಸ ತೆರೆದರೂ ಆಗ ಅಲ್ಲಿ ವೀಸಾ ಸೇವೆ ಆರಂಭವಾಗಲಿಲ್ಲ. ಈ ಭಾಗದವರು ಹೋಗುತ್ತಿರುವುದು ಹೈದರಾಬಾದ್ ಅಥವಾ ಚೆನ್ನೈಗೆ. ಅಮೆರಿಕದ ವಲಸೆ ಕಾನೂನಿನ 214(ಬಿ) ಕಲಮಿನಂತೆ ಅರ್ಜಿದಾರರು ಅಲ್ಲೇ ನೆಲೆಸಲು ಬರುತ್ತಿದ್ದಾರೆಂದೇ ಅಧಿಕಾರಿ ಊಹಿಸಬೇಕು, ಅಲ್ಲವೆಂದು ತೋರಿಸುವುದು ಅರ್ಜಿದಾರರ ಕೆಲಸ. ಬಾಯಿಪಾಠದ ಉತ್ತರ ಅಲ್ಲಿ ಉಳಿಯುವುದಿಲ್ಲ. ಯಾವ ಕೋರ್ಸು, ಆ ಕಾಲೇಜೇ ಏಕೆ, ಒಟ್ಟು ಖರ್ಚೆಷ್ಟು, ಕೊಡುವವರು ಯಾರು, ಮುಗಿದ ಮೇಲೆ ಏನು: ಈ ಐದನ್ನು ಮೊದಲು ಮನೆಯವರ ಮುಂದೆ ಕನ್ನಡದಲ್ಲಿ ತಡವರಿಸದೆ ಹೇಳಲು ಬರಬೇಕು. ಕನ್ನಡದಲ್ಲಿ ಹೇಳಲಾಗದಿದ್ದರೆ ತೊಡಕು ಇಂಗ್ಲಿಷಿನದಲ್ಲ, ವಿಚಾರ ಇನ್ನೂ ಸ್ಪಷ್ಟವಾಗಿಲ್ಲ. ಹಳ್ಳಿಯ ಶಾಲೆಯಲ್ಲಿ ಓದಿದವರು ಸರಳ ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದ ಮಾತು ಸಾಕಾಗುತ್ತದೆ.

ಇಷ್ಟನ್ನೂ ನೋಡಿದ ಮೇಲೆ ಆರಂಭದಲ್ಲಿ ಹೇಳಿದ ಮೂರು ಸಂಗತಿಗಳಲ್ಲಿ ಒಂದಕ್ಕೆ ಉತ್ತರ ಇಲ್ಲವೆಂದಾದರೆ, ಆ ಸಲ ಅರ್ಜಿ ಹಾಕದಿರುವುದೇ ಸರಿಯಾದ ತೀರ್ಮಾನ. ಶುಲ್ಕ ಮರಳುವುದಿಲ್ಲ, ಆಸ್ಟ್ರೇಲಿಯಾದ ವಿದ್ಯಾರ್ಥಿ ವೀಸಾ ಶುಲ್ಕವೇ 2025ರ ಜುಲೈನಿಂದ 2,000 ಆಸ್ಟ್ರೇಲಿಯನ್ ಡಾಲರ್. ಒಂದು ದೇಶದ ತಿರಸ್ಕಾರವನ್ನು ಮುಂದೆ ಹಲವು ದೇಶಗಳ ಅರ್ಜಿಯಲ್ಲೂ ಬರೆಯಬೇಕಾಗುತ್ತದೆ, ಮುಚ್ಚಿಟ್ಟರೆ ಅದು ಸುಳ್ಳು ಹೇಳಿಕೆ. ಹಾಗೆಂದು ತಿರಸ್ಕಾರವೇ ಕೊನೆಯಲ್ಲ. ಪತ್ರದಲ್ಲಿ ಕೊಟ್ಟ ಕಾರಣವನ್ನು ಓದಿ, ಆ ಕೊರತೆ ತುಂಬಿದ ಮೇಲೆ ಮತ್ತೆ ಹಾಕಬಹುದು. ಏನನ್ನೂ ಬದಲಿಸದೆ ಮರುವಾರವೇ ಹಾಕಿದ ಅರ್ಜಿಗೆ ಮಾತ್ರ ಬೇರೆ ಉತ್ತರ ಬರುವುದಿಲ್ಲ.

ವೀಸಾ ಕೈಗೆ ಬಂದ ದಿನವೇ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ವರ್ಗ, ದಿನಾಂಕ ನಾಲ್ಕನ್ನೂ ಹೋಲಿಸಬೇಕು. ತಪ್ಪಿದ್ದರೆ ಪ್ರಯಾಣಕ್ಕೆ ಮುಂಚೆ ತಿದ್ದಿಸಬೇಕು. ಪಾಸ್‌ಪೋರ್ಟ್, ವೀಸಾ, ಕರಾರು ಅಥವಾ ಪ್ರವೇಶಪತ್ರ, ವಿಮೆ ಇವುಗಳ ಒಂದು ಪ್ರತಿ ಮನೆಯಲ್ಲಿ ಉಳಿಯಬೇಕು. ತಲುಪಿದ ವಾರದಲ್ಲೇ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು, ಫೋನು, ವಿಳಾಸ ನೋಂದಾಯಿಸಬೇಕು. 2022ರಲ್ಲಿ ಉಕ್ರೇನಿನಿಂದ ವಿದ್ಯಾರ್ಥಿಗಳನ್ನೂ, 2023ರ ಏಪ್ರಿಲ್‌ನಲ್ಲಿ ಸುಡಾನಿನಿಂದ ಕರ್ನಾಟಕದ ಹಕ್ಕಿಪಿಕ್ಕಿ ಕುಟುಂಬಗಳನ್ನೂ ಯುದ್ಧದ ನಡುವಿನಿಂದ ಕರೆತರುವಾಗ ಯಾರು ಎಲ್ಲಿದ್ದಾರೆಂದು ಹುಡುಕುವುದೇ ಮೊದಲ ಕೆಲಸವಾಗಿತ್ತು. ವಿಳಾಸ ಅಥವಾ ನಂಬರ್ ಬದಲಾದಾಗಲೆಲ್ಲ ಆ ನೋಂದಣಿಯನ್ನೂ ಬದಲಿಸಿ, ಮನೆಗೂ ತಿಳಿಸಬೇಕು.